ನೀರೊಲೆಯ ಮೇಲೊಂದು ಮೊಟ್ಟೆ

ನಮ್ಮ ಮನೆಯಲ್ಲಿ ಮೊಟ್ಟೆ ತಿಂದ ಮೊದಲ ಜೀವ ಯಾವುದು ಗೊತ್ತೇ? ಮೀನು. ಅದೂ ತಾನೇ ಇಟ್ಟ ಮೊಟ್ಟೆ!

ನಗಬೇಡಿ. ಹುಣಸೂರಿನ ನಮ್ಮ ಮನೆ ಬೆಳಗ್ಗೆ ವಿಭೂತಿ ಹಚ್ಚದೆ ಕಾಫಿ ಕುಡಿಯದ ಮನೆ. ಕೇಕ್ ತಂದರೂ ಪೆಟ್ಟಿಗೆಯ ಮೇಲಿನ ಹಸಿರು ಚುಕ್ಕೆ ತೋರಿಸಿಯೇ ಒಳಗೆ ಬರಬೇಕು. ಅಂಥ ಮನೆಯ ಹಾಲ್‌ನಲ್ಲಿ ನಾನು ಅಕ್ವೇರಿಯಂ ಇಟ್ಟೆ. ಐವತ್ತೆರಡನೇ ವಯಸ್ಸಿನಲ್ಲಿ ಹಿಡಿದ ಹುಚ್ಚು. (ಒಡವೆ ಹುಚ್ಚಿಗಿಂತ ವಾಸಿ ಎಂದು ಯಜಮಾನರು ಸುಮ್ಮನಿದ್ದರು.)

ಮೈಸೂರಿನಿಂದ ತಂದದ್ದು ಸಿಕ್ಲಿಡ್ ಜಾತಿಯ ಒಂದು ಜೋಡಿ. ಮೈತುಂಬ ಕಪ್ಪು ಪಟ್ಟೆ. ಅದಕ್ಕೇ ಅವುಗಳ ಹೆಸರು ಕನ್ವಿಕ್ಟ್, ಅಂದರೆ ಕೈದಿ. ಈ ಮೀನುಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಮರಿ ಸಾಕುತ್ತಾರೆ. (ಗಂಡಸರು ಈ ಸಾಲನ್ನು ಇನ್ನೊಮ್ಮೆ ಓದಬಹುದು.)

ನಮ್ಮ ಕೈದಿಗಳು ಮಾಡಿದ್ದೇನು? ಅಡ್ಡ ಮಲಗಿಸಿದ್ದ ಮಣ್ಣಿನ ಕುಡಿಕೆಯೊಳಗೆ ಮೊಟ್ಟೆ ಇಟ್ಟವು, ತಿಂದವು. ಮತ್ತೆ ಇಟ್ಟವು, ಮತ್ತೆ ತಿಂದವು. ಅಂಗಡಿಯವರಿಗೆ ಫೋನ್ ಮಾಡಿದೆ.

"ಮೇಡಂ, ಟಾರ್ಚ್ ಬಿಟ್ಟು ಬಿಟ್ಟು ನೋಡ್ತಿದ್ದೀರಾ?"

ಹೌದು, ನೋಡುತ್ತಿದ್ದೆ. ನೋಡದೆ ಇರುವುದಾದರೂ ಹೇಗೆ?

"ಅದೇ ಪ್ರಾಬ್ಲಂ. ಗಾಬರಿಯಾದ್ರೆ ತಿಂದುಬಿಡ್ತವೆ."

ನಮ್ಮ ಅತ್ತೆಗೆ ಎಂಬತ್ತರ ಹತ್ತಿರ. ಮೀನು ಎಂಬ ಪದವನ್ನೇ ಅವರು ಆಡುವುದಿಲ್ಲ. ಅವರ ಪಾಲಿಗೆ ಅವು ಬರೀ "ಅವು".

"ತಾವಿಟ್ಟಿದ್ದ ತಾವೇ ತಿಂತವಲ್ಲಮ್ಮಿ ಅವು! ಇನ್ನೊಂದ್ ಸಲ ಇಂಗಾದ್ರೆ ಆ ಗಾಜಿನ ಪೆಟ್ಟಿಗೆ ಆಚೆಗೋಯ್ತದೆ, ನೋಡ್ಕೊ" ಎಂದರು. ಅತ್ತೆ ಒಮ್ಮೆ ಅಂದರೆ ಮುಗಿಯಿತು.

ಮೂರನೇ ಸಲ ಟ್ಯಾಂಕಿಗೆ ನನ್ನ ಹಳೇ ಸೀರೆ ಹೊದಿಸಿ, ಟಾರ್ಚನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಗೆದ್ದೆ! ಒಂದು ಬೆಳಗ್ಗೆ ಸೀರೆ ಸರಿಸಿದರೆ ಕುಡಿಕೆಯ ಬಾಯಲ್ಲಿ ಕಣ್ಣು ಮೂಡಿದ ಧೂಳಿನ ಹಾಗೆ ಮರಿಗಳು ಈಜುತ್ತಿವೆ. ಖುಷಿಗೆ ಅಡುಗೆಮನೆಯಲ್ಲಿ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಖುಷಿ ಮಧ್ಯಾಹ್ನದವರೆಗೆ. ನಾನು ಪುಡಿ ಮಾಡಿ ಹಾಕಿದ ಆಹಾರ ಆ ಪುಟಾಣಿ ಬಾಯಿಗಳಿಗೆ ದೊಡ್ಡದಾಯಿತು. ಮತ್ತೆ ಫೋನ್.

"ಮೊಟ್ಟೆ ಬೇಯಿಸಿ ಹಳದಿ ಕೊಡಿ ಮೇಡಂ. ಇವತ್ತೇ ಕೊಡಿ. ಹಸ್ಕೊಂಡಿದ್ರೆ ಉಳಿಯಲ್ಲ."

ಮೊಟ್ಟೆ! ನಮ್ಮ ಮನೆಯಲ್ಲಿ!

ಸೆರಗಿನ ಮರೆಯಲ್ಲಿ ಒಂದು ತಂದೆ. (ನನಗೆ ಪರಿಚಯವಿಲ್ಲದ ಅಂಗಡಿ ಹುಡುಕಿಕೊಂಡು ಬಸ್ ಸ್ಟ್ಯಾಂಡಿನಾಚೆಗೆ ನಡೆದೆ. ಅಲ್ಲೂ ಪರಿಚಯದವರೇ ಸಿಕ್ಕರು.) ಅಡುಗೆಮನೆಗೆ ಒಯ್ಯುವ ಧೈರ್ಯವಿರಲಿಲ್ಲ. ಹಿತ್ತಲಲ್ಲಿ ಸ್ನಾನಕ್ಕೆ ನೀರು ಕಾಯಿಸುವ ಒಲೆಯ ಮೇಲೆ ಒಂದು ಖಾಲಿ ಡಬ್ಬ ಇಟ್ಟು, ನೀರು ತುಂಬಿ ಮೊಟ್ಟೆ ಹಾಕಿದೆ. ಹಿಂದೆ ಅತ್ತೆ ನಿಂತಿದ್ದರು.

"ಏನಮ್ಮಿ ಅದು, ಡಬ್ಬದಲ್ಲಿ?"

ಸುಳ್ಳು ಹೇಳೋಣವೆಂದರೆ ಒಂದೂ ಹೊಳೆಯಲಿಲ್ಲ. "ಮೊಟ್ಟೆ ಅತ್ತೆ. ಮರಿಗಳು ಹಸಿದಿವೆ. ಇದು ಕೊಡದಿದ್ರೆ ಸತ್ತೋಗ್ತವೆ."

ಅತ್ತೆ ಸರ್ರನೆ ಒಳಗೆ ನಡೆದರು. ಟ್ಯಾಂಕ್ ಕತೆ ಮುಗಿಯಿತು ಎಂದುಕೊಂಡು ಹಿಂದೆಯೇ ಓಡಿದೆ. ಅವರು ಟ್ಯಾಂಕಿಗೆ ಹೊದಿಸಿದ್ದ ಸೀರೆ ಎತ್ತಿ ಬಗ್ಗಿ ನೋಡಿದರು. ಗುಂಪು ಬಿಟ್ಟು ದೂರ ಹೋಗಿದ್ದ ಒಂದು ಮರಿಯನ್ನು ತಾಯಿ ಗಬಕ್ಕನೆ ಬಾಯಿಗೆ ಹಾಕಿಕೊಂಡಿತು.

"ಅಯ್ಯಯ್ಯೋ, ನುಂಗ್ಬುಡ್ತು ಕಣಮ್ಮಿ!"

ಇಲ್ಲ. ಕುಡಿಕೆಯ ಹತ್ತಿರ ತಂದು, ಉಳಿದ ಮರಿಗಳ ನಡುವೆ ಮೆಲ್ಲಗೆ ಉಗುಳಿತು.

ಅತ್ತೆ ಗಾಜಿಗೆ ಇನ್ನಷ್ಟು ಹತ್ತಿರ ಬಗ್ಗಿದರು. ಆಮೇಲೆ ನಕ್ಕರು. "ನಿನ್ ಗಂಡನ್ನೂವೆ ಇಂಗೇ ಎತ್ತಾಕ್ಕೊಂಡ್ ಬತ್ತಿದ್ದೆ ಕಣಮ್ಮಿ ನಾನು. ಬುಟ್ರೆ ಬೀದಿಗ್ ಓಡೋಗ್ಬುಡೋನು." ಸೀರೆ ಇಳಿಬಿಟ್ಟು, "ಓಗು, ಅದು ಬೆಂತಾ ನೋಡು" ಎಂದರು.

ಹೇಗೆ ನೋಡುವುದು? ನಾವಿಬ್ಬರೂ ನೂರು ಜನಕ್ಕೆ ಒಬ್ಬಟ್ಟು ತಟ್ಟಿದವರು. ಒಂದು ಮೊಟ್ಟೆ ಬೆಂದಿದೆಯೋ ಇಲ್ಲವೋ ಎಂದು ಇಬ್ಬರಿಗೂ ಗೊತ್ತಿಲ್ಲ!

"ಆಲೂಗೆಡ್ಡೆಗೆ ನೋಡಕಿಲ್ವಾ? ಅಂಗೆ ಕಡ್ಡಿ ಚುಚ್ಚು."

ಚುಚ್ಚಿದೆ. ಡಬ್ಬದ ನೀರೆಲ್ಲ ಬಿಳಿ, ಹಳದಿ, ನೊರೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಇನ್ನು ಬೇಡ ಎನ್ನುತ್ತಾರೆ ಎಂದುಕೊಂಡೆ.

"ಒಂದೇ ತಂದಿದ್ದಾ? ಒಸಿ ಜಾಸ್ತಿ ತರಬಾರ್ದಾ? ಓಗು, ಬಿರ್ರನೆ ಬಾ!"

ಎರಡನೆಯ ಸಲ ಚುಚ್ಚಲಿಲ್ಲ. ಮುದ್ದೆಗೆ ಎಸರು ಕಾಯುವವರ ಹಾಗೆ ಇಬ್ಬರೂ ಒಲೆಯ ಮುಂದೆ ಕೂತೆವು. ಅತ್ತೆಯೇ ಮಾವನವರ ಹಳೇ ಪಂಚೆಯ ಅಂಚು ಹರಿದು ತಂದರು. ಅದರಲ್ಲಿ ಚಿಟಿಕೆ ಹಳದಿ ಕಟ್ಟಿ ಟ್ಯಾಂಕಿನ ನೀರಲ್ಲಿ ಹಿಂಡಿದೆ. ಮರಿಗಳು ಮುಗಿಬಿದ್ದವು. ನೋಡನೋಡುತ್ತ ಅವುಗಳ ಗಾಜಿನಂಥ ಹೊಟ್ಟೆಗಳು ಹಳದಿಯಾದವು. ನನಗೆ ಕುಣಿಯಬೇಕೆನ್ನಿಸಿತು. ಸ್ವಲ್ಪ ಕುಣಿದೆ ಕೂಡ.

ಈಗ ಮರಿಗಳ ಮೈಮೇಲೆ ಪಟ್ಟೆ ಮೂಡುತ್ತಿದೆ. ಕೆ.ಆರ್. ನಗರದ ಗೆಳತಿ ಒಂದು ಜೋಡಿ ಬುಕ್ ಮಾಡಿದ್ದಾಳೆ. ನಾನು ಬೀದಿಯಲ್ಲಿ ಎದೆ ಸೆಟೆಸಿ ನಡೆಯುತ್ತಿದ್ದೇನೆ. ಮನೆಯ ಕಟ್ಟುಪಾಡು ಕಲ್ಲಿನಂಥದು ಎಂದು ಮೂವತ್ತು ವರ್ಷ ನಂಬಿದ್ದೆನಲ್ಲ, ಎಷ್ಟು ಪೆದ್ದಿ ನಾನು! ಹಸಿದ ಮರಿ ತೋರಿಸಿ ಕೇಳಬೇಕಿತ್ತು, ಅಷ್ಟೇ.

ಮೊನ್ನೆ ಭೇರ್ಯದಿಂದ ಅತ್ತೆಯ ತಂಗಿ ಬಂದಿದ್ದರು. ಹಿತ್ತಲಿಗೆ ಹೋದವರ ಕಣ್ಣಿಗೆ ಗುಲಾಬಿ ಗಿಡದ ಬುಡದಲ್ಲಿದ್ದ ಮೊಟ್ಟೆ ಚಿಪ್ಪು ಬಿತ್ತು. "ಇದೇನಕ್ಕಾ! ನಿಮ್ಮನೇಲೂ ಸುರುವಾಯ್ತಾ?" ಎಂದು ಕೂಗಿದರು.

ಅತ್ತೆ ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಗೆ ಮಾತಾಡು ಕಣಮ್ಮಿ. ಮನೇಲಿ ಬಾಣಂತಿ ಅವ್ಳೆ."

ಚಿಕ್ಕತ್ತೆ ಬೆಚ್ಚಿಬಿದ್ದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಐವತ್ತೆರಡರ ಹೆಂಗಸಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇನ್ಯಾವುದಿದೆ, ಹೇಳಿ?