ಎರಡು ಬೀಗದ ದವಾಖಾನೆ

ನಮ್ಮ ಪಡಸಾಲೆಯಲ್ಲಿ ಅಂದು ಶಾಂತಿ ಮಾತುಕತೆ ಆಯಿತು ಎಂದು ಊರವರು ಈಗಲೂ ಹೇಳುತ್ತಾರೆ. ಶಾಂತಿಯೂ ಆಗಲಿಲ್ಲ, ಮಾತುಕತೆಯೂ ಆಗಲಿಲ್ಲ. ಇಬ್ಬರು ದೊಡ್ಡ ಮನುಷ್ಯರು ಮೂರು ತಾಸು ಕೂತು, ನಮ್ಮ ಮನೆಯ ಮಿರ್ಚಿ ಭಜಿ ತಿಂದು, ಫೋಟೋ ತೆಗೆಸಿಕೊಂಡು ಹೋದರು. ಬೀಗ ಬಿದ್ದ ಬಾಗಿಲು ಹಾಗೆಯೇ ಉಳಿಯಿತು.

ಬೀಗದ ಕಥೆ ಮೊದಲು ಹೇಳಬೇಕು. ನಮ್ಮದು ಕಲಘಟಗಿ ತಾಲೂಕಿನ ಸಣ್ಣ ಊರು. ಊರ ಅಂಚಿಗೆ ಚರ್ಚು, ಅದರ ಬಾಜೂಕ್ಕೆ ಎರಡು ಕೋಣೆಯ ದವಾಖಾನೆ. ನಡೆಸುವವರು ಒಬ್ಬರು ಸಿಸ್ಟರ್. ಕೇರಳದವರು, ಆದರೆ ಇಲ್ಲಿಗೆ ಬಂದು ಎಷ್ಟೋ ವರ್ಷ ಆಗಿ ನಮ್ಮಂತೆಯೇ ಮಾತಾಡುತ್ತಾರೆ. ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳ ಕೆಳಗೆ ಹುಣ್ಣಾಗಿ, ಮಾಯದೆ ನಿಂತಿತ್ತು. ಡಾಕ್ಟರು ಒಂದೇ ಮಾತು ಹೇಳಿದ್ದರು: ದಿನಾ ತೊಳೆದು ಪಟ್ಟಿ ಕಟ್ಟಿದರೆ ಕಾಲು ಉಳಿಯುತ್ತದೆ, ಇಲ್ಲದಿದ್ದರೆ ಕೊಯ್ಯಬೇಕಾಗುತ್ತದೆ. ನಾಲ್ಕು ತಿಂಗಳಿಂದ ಆ ಪಟ್ಟಿ ಕಟ್ಟುತ್ತಿದ್ದವರು ಸಿಸ್ಟರ್.

ಅವರಿಗೆ ಒಂದು ರೂಢಿ. ಕೈ ತೊಳೆದ ಮೇಲೆ, ಪಟ್ಟಿ ಬಿಚ್ಚುವ ಮೊದಲು, ಕಣ್ಣು ಮುಚ್ಚಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಅದೇ ಹೊತ್ತಿಗೆ ನಮ್ಮ ಮನೆಯವರು ಕೊರಳ ಲಿಂಗ ಹಿಡಿದು ಶಿವಶಿವ ಅನ್ನುತ್ತಿದ್ದರು, ಭಕ್ತಿಗಲ್ಲ, ನೋವಿಗೆ ಹೆದರಿ. ಇದರಿಂದ ಯಾರಿಗೂ ಏನೂ ಆಗಿರಲಿಲ್ಲ. ಸಿಸ್ಟರ್ ನನ್ನ ಮುಂದೆ ತಮ್ಮ ದೇವರ ಮಾತು ಒಂದು ದಿನವೂ ಆಡಿದವರಲ್ಲ. ಪಟ್ಟಿಯ ಬಟ್ಟೆ ಕುದಿಸಿ ತಂದಿಲ್ಲ ಎಂದು ಮಾತ್ರ ಬೇಕಾದಷ್ಟು ಬೈದಿದ್ದಾರೆ.

ಆ ಶಿಲುಬೆಯ ಗುರುತನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಸಾಹೇಬರಿಗೆ ತೋರಿಸಿದರು. ಸಾಹೇಬರು ಅಂದರೆ ನಮ್ಮ ಭಾಗದ ಲೀಡರು, ಓಟಿಗೆ ನಿಲ್ಲುವವರು. ಔಷಧದ ನೆಪದಲ್ಲಿ ಮತಾಂತರ ನಡೆದಿದೆ ಎಂದು ಅವರು ಮೈಕಿನಲ್ಲಿ ಹೇಳಿದರು. ಮರುದಿನ ಅವರ ಮಂದಿ ದವಾಖಾನೆಗೆ ಬೀಗ ಹಾಕಿದರು. ಚರ್ಚಿನವರಿಗೆ ಸಿಟ್ಟು ಬಂತು. ನಮ್ಮ ಬಾಗಿಲಿಗೆ ನಿಮ್ಮ ಬೀಗವೇ ಎಂದು ಅದೇ ಚಿಲಕಕ್ಕೆ ತಮ್ಮದೂ ಒಂದು ಹಾಕಿದರು. ಚರ್ಚಿನ ಮೇಲಿನವರಿಂದ ಸಿಸ್ಟರಿಗೆ ಅಪ್ಪಣೆಯೂ ಬಂತು: ತೀರ್ಮಾನ ಆಗುವವರೆಗೆ ಯಾವ ರೋಗಿಯನ್ನೂ ಮುಟ್ಟಬೇಡ.

ಹೀಗೆ ಹನ್ನೊಂದು ದಿನ. ಮಗ ಎರಡು ಸಲ ಅಪ್ಪನನ್ನು ತನ್ನ ಬೈಕಿನ ಮೇಲೆ ಕಲಘಟಗಿಯ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಪಟ್ಟಿ ಚೆನ್ನಾಗಿಯೇ ಕಟ್ಟಿದರು. ಆದರೆ ಜೋತುಬಿದ್ದ ಕಾಲು ದಾರಿಯ ಕುಲುಕಾಟಕ್ಕೆ ಊದಿ, ಮನೆ ಮುಟ್ಟುವಷ್ಟರಲ್ಲಿ ಪಟ್ಟಿಯೆಲ್ಲ ಕೆಂಪು. ಮೂರನೆಯ ಸಲ ನಮ್ಮ ಮನೆಯವರೇ ಒಲ್ಲೆ ಎಂದರು. ಹುಣ್ಣು ವಾಸನೆ ಹಿಡಿಯತೊಡಗಿತ್ತು.

ಅಷ್ಟರಲ್ಲಿ ಎರಡೂ ಕಡೆಯವರು ಕೂತು ಮಾತಾಡುತ್ತಾರೆ ಎಂದು ಸುದ್ದಿ. ಎಲ್ಲಿ ಕೂಡಬೇಕು? ಸಾಹೇಬರು ಚರ್ಚಿನ ಅಂಗಳಕ್ಕೆ ಬರುವುದಿಲ್ಲ. ಚರ್ಚಿನ ಪರವಾಗಿ ಪಟ್ಟಣದಿಂದ ಬರುವ ದೊಡ್ಡ ಫಾದರ್ ಪಂಚಾಯತಿ ಆಫೀಸಿಗೆ ಬರುವುದಿಲ್ಲ, ಬಂದರೆ ತಪ್ಪಿತಸ್ಥರು ಬಂದಂತೆ ಕಾಣುತ್ತದಂತೆ. ಕಡೆಗೆ, ಎರಡೂ ಕಡೆಗೆ ಸೇರದ್ದು ಎಂದು ನಮ್ಮ ಮನೆ ನಿಶ್ಚಯವಾಯಿತು. ಬಾಗಿಲು ತೆರೆಯುವುದಾದರೆ ಎಲ್ಲಿ ಬೇಕಾದರೂ ಕೂಡಲಿ ಎಂದು ನಾನು ಹೂಂ ಅಂದೆ.

ಅರ್ಧ ತಾಸು ಕೂಡುವುದಕ್ಕೇ ಹೋಯಿತು. ನಮ್ಮ ಕಡೆ ಗೋಡೆಗೆ ಒರಗಿ ಕೂಡುವ ಜಾಗ ಹಿರಿಯರದು. ನಾನು ಹಾಸಿದ್ದು ಒಂದು ಜಮಖಾನೆ, ಗೋಡೆಯೂ ಒಂದೇ. ಸಾಹೇಬರ ಕಡೆಯವರು ಅವರನ್ನು ಅಲ್ಲಿ ಕೂಡಿಸಿದರು. ಫಾದರ್ ಕಡೆಯವರು ನಿಂತೇ ಇದ್ದರು. ಇನ್ನೊಂದು ಜಮಖಾನೆ ತಂದು ಎದುರು ಗೋಡೆಗೆ ಹಾಸಿದೆ. ಆಗ ಇಬ್ಬರ ನಡುವೆ ಎತ್ತು ಕಟ್ಟುವಷ್ಟು ಜಾಗ ಉಳಿದು, ಕೂಗಿ ಮಾತಾಡಬೇಕಾಯಿತು.

“ನೋಡ್ರಿ ಫಾದರ್,” ಎಂದರು ಸಾಹೇಬರು. “ನಿಮ್ಮ ಸಿಸ್ಟರ್ ಕೆಲಸ ಛಲೋ ಮಾಡ್ತಾರ, ಇಲ್ಲ ಅನ್ನಂಗಿಲ್ಲ. ಆದ್ರ ಜಡ್ಡಾದ ಮನಶ್ಯಾ ಎದಕ್ಕ ಬೇಕಾದ್ರೂ ಕೈ ಮುಗಿತಾನ. ಅಂಥವನ ಮುಂದ ನಿಮ್ಮ ದೇವರನ್ನ ಯಾಕ ತರ್ತೀರಿ?”

ದೊಡ್ಡ ಫಾದರ್ ಕರಾವಳಿಯವರು, ಅವರದು ಪುಸ್ತಕದ ಕನ್ನಡ. “ಅವರು ತರುವುದಿಲ್ಲ, ದೇವರು ಅವರ ಜೊತೆಗೇ ಇದ್ದಾನೆ. ನೀವು ಕಾರು ಹೊರಡಿಸುವ ಮೊದಲು ಸ್ಟೇರಿಂಗ್ ಮುಟ್ಟಿ ನಮಸ್ಕರಿಸುತ್ತೀರಿ. ಹಿಂದೆ ಕೂತವರು ಅದರಿಂದ ಮತ ಬದಲಿಸಿದರೇ?”

“ಕಾರು ನಂದೈತ್ರಿ.”

“ದವಾಖಾನೆ ನಮ್ಮದು.”

“ಊರು ನಮ್ದು.”

“ಊರಿನಲ್ಲಿ ನಾವೂ ಇದ್ದೇವೆ.”

ಇಬ್ಬರ ಮಾತಿನಲ್ಲೂ ಹುರುಳಿತ್ತು, ಅದೇ ಬೇಸರ. ಸುಳ್ಳು ಹೇಳುವವರನ್ನು ಸುಮ್ಮನಾಗಿಸಬಹುದು. ತನ್ನದು ಖರೆ ಎಂದು ಗೊತ್ತಿದ್ದವನಿಗೆ ಬಾಯಿ ಮುಚ್ಚು ಎನ್ನುವುದು ಕಷ್ಟ. ಶಿಲುಬೆಯ ಗುರುತು ಮಾಡಿದ ಕೈ ಸಿಸ್ಟರದು, ಅವರನ್ನು ಯಾರೂ ಕರೆದಿರಲಿಲ್ಲ. ಹುಣ್ಣಾದ ಕಾಲು ನಮ್ಮ ಮನೆಯವರದು, ಅವರು ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಒಲೆಯ ಮುಂದಿದ್ದ ಸೊಸೆ ಕೇಳಿದಳು. “ಅತ್ತಿ, ಇವರು ಕೀಲಿ ಸುದ್ದಿ ಯಾವಾಗ ತಗೀತಾರ?”

“ಮಿರ್ಚಿ ಮುಗದ ಮ್ಯಾಲೆ. ಭಾಳ ಬಿಸಿದು ಕೊಡಬ್ಯಾಡ, ಊದಿಕೋತ ಕೂಡ್ತಾರ.”

ಎರಡನೆಯ ಸಲ ಚಹಾ ಆದ ಮೇಲೆ ಹಾದಿಗೆ ಬಂದರು. ಸಿಸ್ಟರ್ ಒಳಕೋಣೆಯಲ್ಲಿ ಪ್ರಾರ್ಥನೆ ಮುಗಿಸಿಯೇ ರೋಗಿಯ ಮುಂದೆ ಬರಲಿ ಎಂದು ಫಾದರ್ ಒಪ್ಪಿದರು. ಇನ್ನು ಯಾರೂ ದವಾಖಾನೆಯಲ್ಲಿ ಮೊಬೈಲು ಹಿಡಿಯಬಾರದು ಎಂದು ಸಾಹೇಬರು ಒಪ್ಪಿದರು. ನಾನು ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದೆ.

“ಹಂಗಾರ ಕೀಲಿಕೈ ಕೊಡ್ರಿ. ನಾನ ಹೋಗಿ ತಗೀತೀನಿ.”

“ಯವ್ವಾ, ಹಂಗ ಸುಮ್ನ ತಗಿಯಾಕ ಬರಂಗಿಲ್ಲ,” ಎಂದರು ಸಾಹೇಬರು. “ನಂದು ಮೊದಲ ತಗದ್ರ ಸೋತ ಅಂತಾರ ಮಂದಿ.”

“ನಮಗೂ ಅದೇ ಅಡಚಣೆ,” ಎಂದರು ಫಾದರ್. ಅಂದು ಇಬ್ಬರೂ ಕೂಡಲೇ ಒಪ್ಪಿದ ಮಾತು ಅದೊಂದೇ.

ಆದ್ದರಿಂದ ಇಬ್ಬರೂ ಕೂಡಿ, ಊರ ಮಂದಿಯ ಮುಂದೆ, ಒಂದೇ ಹೊತ್ತಿಗೆ ಬೀಗ ತೆಗೆಯಬೇಕು ಎಂದಾಯಿತು. ಪೆಂಡಾಲು ಹಾಕಬೇಕು, ಎರಡು ಮಾತು ಆಡಬೇಕು. ಯಾವತ್ತು? ಗೋಡೆಯ ಕ್ಯಾಲೆಂಡರು ಇಳಿಸಿ ನಡುವೆ ಇಟ್ಟರು. ನಾಳೆ ಅಮಾವಾಸ್ಯೆ, ಸಾಹೇಬರು ಒಲ್ಲರು. ನಾಡಿದ್ದು ಯುಗಾದಿ, ಯಾರೂ ಬರುವುದಿಲ್ಲ. ಅದರ ಮುಂದಿನ ವಾರ ಸಾಹೇಬರು ಊರಲ್ಲಿಲ್ಲ. ಆಮೇಲೆ ಗುಡ್ ಫ್ರೈಡೆಯ ವಾರ, ಆಗ ಸಮಾರಂಭ ಮಾಡುವಂತಿಲ್ಲ ಎಂದರು ಫಾದರ್. ಅದು ಮುಗಿಯುವಷ್ಟರಲ್ಲಿ ಚುನಾವಣೆ ಬಂದು ನೀತಿ ಸಂಹಿತೆ ಜಾರಿಯಾಗಿರುತ್ತದೆ, ಪೆಂಡಾಲು ಹಾಕುವಂತಿಲ್ಲ. ಸಾಹೇಬರ ಬೆರಳು ಹಾಳೆ ಮಗುಚುತ್ತ ಮಗುಚುತ್ತ ಮಳೆಗಾಲಕ್ಕೆ ಹೋಗಿ ನಿಂತಿತು.

“ಇದು ಛಲೋ ದಿನಾ ಐತಿ,” ಎಂದರು.

ನನಗೆ ತಲೆ ಕೆಟ್ಟಿತು. “ಸಾಹೇಬ್ರ, ಫಾದರ್ರ, ಇಬ್ರೂ ಏಳ್ರಿ. ಒಳಗ ಬಂದು ಕಾಲ ನೋಡ್ರಿ. ಅದು ಮಳಿಗಾಲದ ಮಟಾ ಇರಂಗಿಲ್ಲ.”

ಎದ್ದು ಬಂದರು. ಕೋಣೆಯ ಬಾಗಿಲ ತನಕ ಬಂದವರು ಅಲ್ಲಿಯೇ ನಿಂತರು. ಸಾಹೇಬರು ಮೂಗಿಗೆ ಕರ್ಚೀಫು ಹಿಡಿದರು. “ಹುಬ್ಬಳ್ಳಿಗೆ ಒಯ್ರಿ ಯವ್ವಾ, ನಾ ಫೋನ್ ಮಾಡ್ತೀನಿ.”

“ನಾನು ಇವರಿಗಾಗಿ ಪ್ರಾರ್ಥಿಸುತ್ತೇನೆ,” ಎಂದರು ಫಾದರ್.

ಮಂಚದ ಮೇಲಿಂದ ನಮ್ಮ ಮನೆಯವರು ಹೇಳಿದರು, “ಫೋನ್ ಆತು, ಪ್ರಾರ್ಥನಿ ಆತು. ಇನ್ನ ಪಟ್ಟಿ ಕಟ್ಟಾವ್ರು ಯಾರಂತ ಕೇಳ.”

ಇಬ್ಬರೂ ಅಂಗಳಕ್ಕೆ ಹೋಗಿ ಕೈ ಕುಲುಕಿ ಫೋಟೋ ತೆಗೆಸಿಕೊಂಡರು. ನಡುವೆ ನಿಲ್ಲಲು ನನ್ನನ್ನೂ ಕರೆದರು. ತಾಟು ತೊಳೆಯುವುದಿದೆ ಎಂದು ಒಳಗೆ ಬಂದೆ.

ಮರುದಿನ ಬೆಳಿಗ್ಗೆ ಸಿಸ್ಟರ್ ಚರ್ಚಿನಿಂದ ಹೊರಬರುವ ಹೊತ್ತಿಗೆ ನಾನು ಗೇಟಿನ ಹತ್ತಿರ ನಿಂತಿದ್ದೆ.

“ಅಜ್ಜಿ, ನಾ ಮುಟ್ಟೂ ಹಂಗಿಲ್ರಿ. ಹೇಳಿದ ಮಾತು ಮೀರಾಕ ಬರಂಗಿಲ್ಲ.”

“ಮುಟ್ಟಬ್ಯಾಡ್ರಿ. ಮಾತಾಡಬ್ಯಾಡ ಅಂದಾರೇನು?”

ಅವರು ಸ್ವಲ್ಪ ಯೋಚಿಸಿದರು. “ಇಲ್ರಿ.”

“ಹಂಗಾರ ನಡೀರಿ.”

ಮಂಚವನ್ನು ಮುಂಬಾಗಿಲ ಹತ್ತಿರಕ್ಕೆ ಎಳೆಸಿದೆ. ಮಗ ಮೆಡಿಕಲ್ ಅಂಗಡಿಯಿಂದ ಸಲೈನು, ಪಟ್ಟಿಯ ಬಟ್ಟೆ ತಂದಿಟ್ಟಿದ್ದ. ಸಿಸ್ಟರ್ ಹೊಸ್ತಿಲ ಆಚೆ, ಓಣಿಯಲ್ಲಿ ನಿಂತರು. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು. ನಾನು ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡೆ. ಇನ್ನೊಮ್ಮೆ ತೊಳೀರಿ ಎಂದರು, ತೊಳೆದೆ. ಹಳೆಯ ಪಟ್ಟಿ ಚರ್ಮಕ್ಕೆ ಅಂಟಿತ್ತು. ಎಳಿಬ್ಯಾಡ್ರಿ, ನೆನೆಸಿ ಬಿಡ್ರಿ ಎಂದರು. ನೆನೆಸಿ ಬಿಟ್ಟೆ. ನಡುವಿನಿಂದ ಹೊರಗಡೆಗೆ ಒರಸ್ರಿ, ಒಂದು ತುಂಡು ಒಂದ ಸಲ ಎಂದರು. ನಮ್ಮ ಮನೆಯವರು ಬಾಯಿಗೆ ಬಂದಂತೆ ಬೈದರು. ಸಿಸ್ಟರ್ ಕುತ್ತಿಗೆ ಚಾಚಿ ಚಾಚಿ ನೋಡುತ್ತಿದ್ದರು.

ಹೊಸ ಪಟ್ಟಿ ಸುತ್ತಿ ಗಂಟು ಹಾಕಿದೆ. ಬಿಗಿಯಾತು, ರಕ್ತ ಓಡಂಗಿಲ್ಲ ಎಂದರು. ಬಿಚ್ಚಿ ಇನ್ನೊಮ್ಮೆ ಕಟ್ಟಿದೆ.