ಕಂಬದ ಮೇಲೆ ಅಂಗೈ

ವೆಲ್ಡಿಂಗ್ ಮಷಿನ್ ಚಾಲೂ ಆದ ಕೂಡಲೇ ಶೆಡ್ಡಿನ ಕಬ್ಬಿಣದ ಕಂಬವನ್ನು ಕೈಯ ಹಿಂಬದಿಯಿಂದ ಮೆಲ್ಲಗೆ ಮುಟ್ಟಿದೆ. ರಾಯದುರ್ಗದಲ್ಲಿ ಗೇಟು, ಗ್ರಿಲ್ಲು ಮಾಡುವ ನಮ್ಮ ಶೆಡ್ಡಿನಲ್ಲಿ ಎಲ್ಲರಿಗೂ ಅದೇ ರೂಢಿ. ಹಳೇ ವೈರಿಂಗ್ ಇದ್ದಾಗ ಕಂಬ ಆಗಾಗ ಶಾಕ್ ಹೊಡೆಯುತ್ತಿತ್ತು. ಅಂಗೈಯಿಂದ ಮುಟ್ಟಿದರೆ ಕೈ ಅಲ್ಲೇ ಹಿಡಿದುಕೊಂಡುಬಿಡುತ್ತದೆ ಎಂಬ ಭಯ.

ಹೊಸ ವೈರಿಂಗ್ ಮಾಡಿದ್ದು ಐಟಿಐ ಓದಿದ ನನ್ನ ಮಗಳು ಸುಮಾ. ಏಣಿಯಿಂದ ಇಳಿಯುತ್ತಿದ್ದವಳಿಗೆ ನನ್ನನ್ನು ನೋಡಿ ಸಿಟ್ಟೇ ಬಂತು.

"ಅರ್ಥಿಂಗ್ ನಾನೇ ಹಾಕೀನಿ, ಟೆಸ್ಟೂ ಮಾಡೀನಿ. ಇನ್ನೂ ಅನುಮಾನ ಯಾಕಪ್ಪಾ? ಅಂಗೈ ಇಟ್ಟು ನೋಡು!"

ಕಣ್ಣು ಮುಚ್ಚಿ ಅಂಗೈ ಊರಿದೆ. ಕಂಬ ತಣ್ಣಗಿತ್ತು, ಅಷ್ಟೇ.

ಈಗ ಗೇಟಿನ ಅಳತೆ ಕೊಡಲು ಬಂದವರನ್ನೂ ಮೊದಲು ಆ ಕಂಬದ ಹತ್ತಿರವೇ ಕರೆದೊಯ್ಯುತ್ತೇನೆ. "ಮುಟ್ರಿ, ನನ್ನ ಮಗಳ ಕೆಲಸ" ಅನ್ನುತ್ತೇನೆ.