ಕಂಬಳಿ ತುಳಿದ ರಾಜ

ನಾಟಕದ ಪಾಠ ಮಾಡುವಾಗ ನನಗೆ ‘ಸಂಕೇತ’ ಎಂಬ ಮಾತಿನ ಚಟ. ದೀಪ ಆರಿದರೆ ಸಂಕೇತ, ಕಾಗೆ ಕೂಗಿದರೆ ಸಂಕೇತ. ಆ ಚಟದಿಂದಲೇ ಅಪ್ಪನ ಮುಂದೆ ತಲೆ ಎತ್ತದಂತಾದೆ.

ರಾಯದುರ್ಗದಲ್ಲಿ ಮೇಷ್ಟ್ರಾಗಿರುವ ನಾನು ಎರಡು ವರ್ಷದ ಹಿಂದೆ ಒಂದು ಹಳೆಯ ಗ್ರೀಕ್ ದುರಂತ ನಾಟಕ ಆಡಿಸಲು ಹೊರಟೆ. ಯುದ್ಧ ಗೆದ್ದು ಬಂದ ರಾಜನ ಕಾಲಡಿಗೆ ದೇವರಿಗೆ ಮಾತ್ರ ಸಲ್ಲುವ ಕೆಂಪು ಬಟ್ಟೆ ಹಾಸುತ್ತಾರೆ. ತುಳಿಯಬಾರದೆಂದು ಗೊತ್ತಿದ್ದೂ ತುಳಿದು ಅರಮನೆಯೊಳಗೆ ಹೋಗುತ್ತಾನೆ. ಹೊರಗೆ ಬರುವುದು ಅವನ ಹೆಣ. ಆದರೆ ಮನೆಮನೆಯಲ್ಲೂ ಹೊಲಿಗೆ ಯಂತ್ರ ಓಡುವ ಊರಿನಲ್ಲಿ ಬಟ್ಟೆ ತುಳಿದರೆ ಯಾರಿಗೆ ಏನು? ಇಲ್ಲಿ ನೆಲದ ತುಂಬ ಬಟ್ಟೆಯ ಚೂರುಗಳೇ. ತಾಲೀಮು ನೋಡಲು ಬಂದ ಒಬ್ಬರ ಮುಖವೂ ಬದಲಾಗಲಿಲ್ಲ. ಆಗ ನನ್ನ ತಲೆಗೆ ಹೊಳೆದದ್ದು ಕಂಬಳಿ.

ನಾವು ಮಡಕಶಿರಾ ತಾಲ್ಲೂಕಿನ ಗುಡಿಬಂಡೆ ಕಡೆಯ ಕುರಿ ಸಾಕುವವರು. ಹಬ್ಬದ ದಿನ ಅಪ್ಪ ಕರಿಕಂಬಳಿ ಹಾಸಿ ಕಳಸ ಇಟ್ಟರೆ ಅದು ದೇವರ ಗದ್ದುಗೆ. ಚಪ್ಪಲಿ ಕಾಲಲ್ಲಿ ಅದರ ಹತ್ತಿರವೂ ಸುಳಿಯುವಂತಿಲ್ಲ.

ಊರಿಗೆ ಹೋಗಿ, "ನಾಟಕಕ್ಕೆ ಗದ್ದುಗೆ ಕಂಬಳಿ ಬೇಕಾಗಿತ್ತಪ್ಪಾ" ಎಂದೆ.

"ಪೂಜೆ ಮಾಡಿ ನಾಟ್ಕ ಶುರು ಮಾಡ್ತೀರೇನ್ಲಾ? ಒಳ್ಳೇದು ಕಣಪ್ಪ, ತಗಂಡೋಗು" ಎಂದು ಅಪ್ಪ ತಾನೇ ಮಡಿಸಿ ಕೊಟ್ಟ. ಪೂಜೆಗಲ್ಲ ಎನ್ನಬೇಕಿತ್ತು. ಬಾಯಿಗೆ ಬೀಗ ಹಾಕಿಕೊಂಡು ಬಸ್ಸು ಹತ್ತಿದೆ.

ರಾಜನ ಪಾತ್ರಧಾರಿ ಜೀನ್ಸ್ ಹೊಲಿಯುವ ದರ್ಜಿ. ಕಂಬಳಿ ನೋಡಿ ಹಿಂದೆ ಸರಿದ.

"ಸರ, ಇದನ್ನ ಹೆಂಗ ತುಳೀಲ್ರಿ? ಬ್ಯಾಡ್ರಿ."

"ತುಳೀಬಾರದು ಅನ್ಸುತ್ತಲ್ಲ, ಅದಕ್ಕೇ ತುಳೀಬೇಕು" ಎಂದು ಗದರಿದೆ. ಎಂಥ ಜಾಣ ನಾನು!

ನಾಟಕದ ದಿನ ಅಪ್ಪ ಬಿಳಿ ಪಂಚೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ. ಕಂಬಳಿ ಹಾಸಿದಾಗ ಎದ್ದು ನಿಂತು ಕೈ ಮುಗಿದ. ದರ್ಜಿ ಚಪ್ಪಲಿ ಕಾಲು ಎತ್ತಿ ಅದರ ಮೇಲಿಟ್ಟ. ಸಭೆಯೆಲ್ಲ "ಅಯ್ಯೋ" ಎಂದಿತು. ಪರದೆಯ ಪಕ್ಕದಲ್ಲಿ ನಿಂತು ಹಿಗ್ಗಿ ಹೀರೇಕಾಯಿಯಾದೆ. ಆಮೇಲೆ ಅಪ್ಪನ ಕಡೆ ನೋಡಿದೆ. ಮುಗಿದ ಕೈ ಹಾಗೇ ಇತ್ತು.

ನಾಟಕ ಮುಗಿದ ಮೇಲೆ ಅಪ್ಪ ರಂಗಕ್ಕೆ ಬಂದು ಕಂಬಳಿಯ ಧೂಳು ಕೊಡವಿದ.

"ಅದು ಬರೀ ಸಂಕೇತ ಕಣಪ್ಪಾ" ಎಂದು ತೊದಲಿದೆ.

"ನಾಟ್ಕ ಚೆನ್ನಾಗಿತ್ತು. ಗೊತ್ತಿದ್ದೂ ಗೊತ್ತಿದ್ದೂ ತುಳಿದ್ನಲ್ಲ, ನಂಗೂ ಅರ್ಥ ಆತು. ಆ ದರ್ಜಿದು ಏನೂ ತಪ್ಪಿಲ್ಲ ಬಿಡು."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಈಗ ಊರಿಗೆ ಹೋದರೆ ಮನೆಯವರೆಲ್ಲ ದಿನಬಳಕೆಯ ಕಂಬಳಿಯ ಮೇಲೆ ಕೂತು ಮಾತಾಡುತ್ತಾರೆ. ನನಗೆ ಮಾತ್ರ ಅಪ್ಪ ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಹೆಗಲ ಟವಲಿನಿಂದ ಒರೆಸಿ, "ಕೂತ್ಕಳ್ಳಿ ಮೇಷ್ಟ್ರೇ" ಎನ್ನುತ್ತಾನೆ.